ಸಂಗಾತಿ ವೀಸಾ (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕ ಸಂಯುಕ್ತ ಸಂಸ್ಥಾನದ ಪೌರರು ಅಥವಾ ಖಾಯಂ ನಿವಾಸಿಗಳು ಅನ್ಯದೇಶದಲ್ಲಿರುವ ತಮ್ಮ ಪತಿ ಅಥವಾ ಪತ್ನಿಯನ್ನು ಶಾಶ್ವತ ವಾಸಕ್ಕಾಗಿ ಕರೆಸಿಕೊಳ್ಳಲು ಬಳಸುವ ವೀಸಾಗಳನ್ನು ಒಟ್ಟಾಗಿ ಸಂಗಾತಿ ವೀಸಾ ಎಂದು ಕರೆಯುವುದು ರೂಢಿ. ಕಾನೂನಿನಲ್ಲಿ ಈ ಹೆಸರಿನ ಪ್ರತ್ಯೇಕ ವೀಸಾ ಯಾವುದೂ ಇಲ್ಲ. ಮದುವೆಗೆ ಮುಂಚೆ ಪಡೆಯುವ ಕೆ-1, ಮದುವೆಯ ನಂತರದ ಸಿಆರ್-1 ಮತ್ತು ಐಆರ್-1, ಹೆಸರಿಗೆ ಮಾತ್ರ ಉಳಿದಿರುವ ಕೆ-3, ಹಾಗೂ ಖಾಯಂ ನಿವಾಸಿಗಳ ಸಂಗಾತಿಗಳಿಗೆ ಮೀಸಲಾದ ಎಫ್2ಎ ಇವು ಈ ಗುಂಪಿಗೆ ಸೇರುತ್ತವೆ. ಎಚ್-1ಬಿ ಉದ್ಯೋಗಿಗಳ ಜೊತೆಯಲ್ಲಿ ಹೋಗುವವರ ಎಚ್-4 ವೀಸಾ ತಾತ್ಕಾಲಿಕ ವಾಸದ್ದಾದುದರಿಂದ ಈ ಗುಂಪಿಗೆ ಸೇರುವುದಿಲ್ಲ.

ಇವುಗಳಲ್ಲಿ ಯಾವುದು ಬೇಗ ದೊರೆಯುತ್ತದೆ ಎಂಬುದು ಅರ್ಜಿದಾರರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ. ಆದರೆ ಬೇಗ ವಿಮಾನ ಹತ್ತುವುದು ಬೇರೆ, ಬೇಗ ಖಾಯಂ ನಿವಾಸಿಯಾಗುವುದು ಬೇರೆ. ಈ ಎರಡನ್ನೂ ಒಂದೆಂದು ತಿಳಿದು ವೀಸಾ ಆರಿಸಿಕೊಂಡ ದಂಪತಿಗಳು ಮುಂದೆ ಹಣವನ್ನೂ ಕಾಲವನ್ನೂ ಕಳೆದುಕೊಳ್ಳುವುದುಂಟು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾನೂನು ವಿದೇಶೀಯರನ್ನು ವರಿಸಿದ ತನ್ನ ಹೆಣ್ಣುಮಕ್ಕಳನ್ನೇ ಹೊರಗಿಟ್ಟಿತ್ತು. 1907ರ ಕಾಯಿದೆಯ ಪ್ರಕಾರ ವಿದೇಶೀಯನನ್ನು ಮದುವೆಯಾದ ಅಮೆರಿಕನ್ ಮಹಿಳೆ ಗಂಡನ ರಾಷ್ಟ್ರೀಯತೆಯನ್ನು ಪಡೆದು ತನ್ನ ಪೌರತ್ವವನ್ನು ಕಳೆದುಕೊಳ್ಳುತ್ತಿದ್ದಳು. 1922ರ ಕೇಬಲ್ ಕಾಯಿದೆ ಇದನ್ನು ಸಡಿಲಿಸಿತಾದರೂ, ಪೌರತ್ವಕ್ಕೆ ಅನರ್ಹನಾದ ವಿದೇಶೀಯನನ್ನು ವರಿಸಿದವಳಿಗೆ ಹಳೆಯ ಶಿಕ್ಷೆಯನ್ನೇ ಉಳಿಸಿತು. ಮರುವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದರಿಂದ, ಭಾರತೀಯರ ಅಮೆರಿಕನ್ ಪತ್ನಿಯರೂ ಆ ಶಿಕ್ಷೆಗೆ ಒಳಗಾದರು. ಸ್ವಾತಂತ್ರ್ಯ ಹೋರಾಟಗಾರ ತಾರಕನಾಥ ದಾಸ್ ಅವರ ಪತ್ನಿ ಮೇರಿ ದಾಸ್ ಹೀಗೆ ಹುಟ್ಟಿದ ನಾಡಿನಲ್ಲೇ ಪರದೇಶಿಯಾದವರಲ್ಲಿ ಒಬ್ಬರು. ಈ ನಿಯಮ 1931ರಲ್ಲಿ ತೊಲಗಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಯುರೋಪಿನಲ್ಲಿ ಮದುವೆಯಾಗಿದ್ದ ಸೈನಿಕರ ಒತ್ತಾಯದಿಂದ 1945ರ ಡಿಸೆಂಬರ್ 28ರಂದು ‘ಯುದ್ಧವಧುಗಳ ಕಾಯಿದೆ’ ಜಾರಿಗೆ ಬಂದಿತು. ಮರುವರ್ಷದ ಲೂಸ್-ಸೆಲ್ಲರ್ ಕಾಯಿದೆಯಿಂದ ಭಾರತೀಯರಿಗೆ ವರ್ಷಕ್ಕೆ 100 ಜನರ ವಲಸೆ ಕೋಟಾ ಮತ್ತು ಪೌರತ್ವದ ಹಕ್ಕು ದೊರೆತವು. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯು ‘ಹೆಂಡತಿ’ ಎಂಬ ಪದದ ಬದಲು ‘ಸಂಗಾತಿ’ ಎಂಬರ್ಥದ ಪದವನ್ನು ಬಳಸಿ, ಅಮೆರಿಕನ್ ಮಹಿಳೆಯರ ವಿದೇಶೀ ಗಂಡಂದಿರಿಗೂ ಸಮಾನ ಸ್ಥಾನ ನೀಡಿತು. ದೇಶವಾರು ಕೋಟಾ ಪದ್ಧತಿಯನ್ನು ಕೈಬಿಟ್ಟ 1965ರ ತಿದ್ದುಪಡಿಯಲ್ಲಿ ಪೌರರ ಸಂಗಾತಿಗಳು ‘ಸಮೀಪ ಬಂಧು’ಗಳ ವರ್ಗದಲ್ಲಿ ಸಂಖ್ಯಾಮಿತಿಯಿಂದ ಹೊರಗೇ ಉಳಿದರು. ಇಂದಿಗೂ ವ್ಯವಸ್ಥೆಯ ಚೌಕಟ್ಟು ಇದೇ ಆಗಿದೆ. ಸಮಲಿಂಗಿ ದಂಪತಿಗಳ ವಿವಾಹಕ್ಕೆ ವಲಸೆ ಕಾನೂನಿನಲ್ಲಿ ಮಾನ್ಯತೆ ದೊರೆತದ್ದು 2013ರ ವಿಂಡ್ಸರ್ ಪ್ರಕರಣದ ತೀರ್ಪಿನ ನಂತರ.

ವೀಸಾದ ಬಗೆಗಳು

ಕೆ-1 ವೀಸಾ 1970ರ ಏಪ್ರಿಲ್‌ನಲ್ಲಿ ಹುಟ್ಟಿಕೊಂಡಿತು. ಇದು ಇನ್ನೂ ಮದುವೆಯಾಗದ, ಅಮೆರಿಕದ ಪೌರನೊಡನೆ ವಿವಾಹ ನಿಶ್ಚಯವಾಗಿರುವ ವ್ಯಕ್ತಿಗೆ ದೊರೆಯುತ್ತದೆ. ಪೌರರು ಐ-129ಎಫ್ ನಮೂನೆಯಲ್ಲಿ ಮನವಿ ಸಲ್ಲಿಸಬೇಕು. ವೀಸಾ ಪಡೆದವರು ಅಮೆರಿಕವನ್ನು ತಲುಪಿದ 90 ದಿನಗಳೊಳಗೆ ಮನವಿ ಸಲ್ಲಿಸಿದ ಆ ಪೌರರನ್ನೇ ಮದುವೆಯಾಗಬೇಕು. ಮನಸ್ಸು ಬದಲಾಗಿ ಮತ್ತೊಬ್ಬರನ್ನು ವರಿಸಿದರೆ ಆ ದೇಶದೊಳಗಿದ್ದುಕೊಂಡೇ ಖಾಯಂ ವಾಸ ಪಡೆಯುವ ದಾರಿ ಮುಚ್ಚಿಹೋಗುತ್ತದೆ. ಮನವಿಗೆ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕೆಂಬುದು ಮತ್ತೊಂದು ನಿಯಮ. ಮದುವೆಗೆ ಮುಂಚಿನ ಭೇಟಿಯನ್ನು ನಿಷೇಧಿಸುವ ಕಟ್ಟುನಿಟ್ಟಾದ ಪರಂಪರಾಗತ ಪದ್ಧತಿ ಇರುವವರಿಗೆ ವಿನಾಯಿತಿ ಇದೆಯಾದರೂ, ಹೆಣ್ಣು ನೋಡುವ ಶಾಸ್ತ್ರವೇ ರೂಢಿಯಲ್ಲಿರುವ ಸಮಾಜದವರು ಅದನ್ನು ಸಾಧಿಸಿ ತೋರಿಸುವುದು ಕಷ್ಟ.

ಸಿಆರ್-1 ಮತ್ತು ಐಆರ್-1 ಎಂಬುವು ಒಂದೇ ವೀಸಾದ ಎರಡು ರೂಪಗಳು. ಎರಡಕ್ಕೂ ಐ-130 ನಮೂನೆಯೇ ಆಧಾರ. ಅಮೆರಿಕವನ್ನು ಪ್ರವೇಶಿಸುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಆರ್-1, ಅಂದರೆ ಎರಡು ವರ್ಷಗಳ ಷರತ್ತುಬದ್ಧ ವಾಸ. ತುಂಬಿದ್ದರೆ ಐಆರ್-1, ಅಂದರೆ ಷರತ್ತಿಲ್ಲದ ವಾಸ. ಎಣಿಕೆಗೆ ಬರುವುದು ವೀಸಾ ಮುದ್ರೆ ಬಿದ್ದ ದಿನವಲ್ಲ, ಪ್ರವೇಶದ ದಿನ. ಎರಡನೆಯ ವಾರ್ಷಿಕೋತ್ಸವಕ್ಕೆ ಕೆಲವೇ ದಿನಗಳಿರುವವರು ಪ್ರಯಾಣವನ್ನು ಸ್ವಲ್ಪ ಮುಂದೂಡಿ, ಇಳಿದಾಗ ಅಧಿಕಾರಿಯ ಗಮನಕ್ಕೆ ತಂದರೆ ಮುಂದಿನ ಒಂದು ಅರ್ಜಿಯ ತೊಂದರೆಯೇ ತಪ್ಪುತ್ತದೆ. ಈ ವೀಸಾ ಹಿಡಿದು ಬಂದವರು ವಿಮಾನ ನಿಲ್ದಾಣದಲ್ಲಿ ಪ್ರವೇಶ ದೊರೆತ ಕ್ಷಣದಿಂದಲೇ ಖಾಯಂ ನಿವಾಸಿಗಳು; ಮರುದಿನವೇ ಕೆಲಸಕ್ಕೆ ಸೇರಬಹುದು, ಊರಿಗೆ ಹೋಗಿಬರಬಹುದು.

ಎಫ್2ಎ ವರ್ಗವು ಪೌರರಲ್ಲದ, ಗ್ರೀನ್ ಕಾರ್ಡ್ ಮಾತ್ರ ಇರುವವರ ಸಂಗಾತಿಗಳಿಗೆ ಸಂಬಂಧಿಸಿದೆ. ಇಲ್ಲಿ ವಾರ್ಷಿಕ ಮಿತಿ ಇರುವುದರಿಂದ, ವಿದೇಶಾಂಗ ಇಲಾಖೆಯು ಪ್ರತಿ ತಿಂಗಳು ಹೊರಡಿಸುವ ವೀಸಾ ಪ್ರಕಟಣೆಯಲ್ಲಿ ತಮ್ಮ ಸರದಿಯ ದಿನಾಂಕ ಬರುವವರೆಗೆ ಕಾಯಬೇಕು. ಮನವಿ ಸಲ್ಲಿಸಿದವರು ನಡುವೆ ಪೌರತ್ವ ಪಡೆದರೆ, ಅದನ್ನು ತಿಳಿಸಿದೊಡನೆ ಪ್ರಕರಣವು ‘ಸಮೀಪ ಬಂಧು’ ವರ್ಗಕ್ಕೆ ಬದಲಾಗಿ ಸರದಿ ಇಲ್ಲವಾಗುತ್ತದೆ. ಪೌರತ್ವಕ್ಕೆ ಅರ್ಹರಾಗಿಯೂ ಅರ್ಜಿ ಹಾಕದೆ ಉಳಿದವರಿಗೆ ಕಾನೂನಿನೊಳಗೆ ಇದಕ್ಕಿಂತ ಖಚಿತವಾದ ತ್ವರೆಯ ಮಾರ್ಗವಿಲ್ಲ.

ಕೆ-3ರ ಅವಸ್ಥೆ

ಐ-130 ಮನವಿಗಳ ವಿಲೇವಾರಿ ಬಹಳ ತಡವಾಗುತ್ತಿದ್ದ ಕಾಲದಲ್ಲಿ, ದಂಪತಿಗಳ ಅಗಲಿಕೆಯನ್ನು ಕಡಿಮೆ ಮಾಡಲೆಂದೇ ಕಾಂಗ್ರೆಸ್ 2000ದ ಡಿಸೆಂಬರ್‌ನಲ್ಲಿ ‘ಲೈಫ್’ ಕಾಯಿದೆಯ ಮೂಲಕ ಕೆ-3 ವೀಸಾವನ್ನು ಸೃಷ್ಟಿಸಿತು. ಐ-130 ಸಲ್ಲಿಸಿದ ಮೇಲೆ ಜೊತೆಗೊಂದು ಐ-129ಎಫ್ ಸಲ್ಲಿಸಿದರೆ ಎರಡನೆಯದು ಬೇಗ ಮಂಜೂರಾಗುತ್ತದೆ, ಸಂಗಾತಿ ತಾತ್ಕಾಲಿಕ ವೀಸಾದ ಮೇಲೆ ಬಂದು ಉಳಿದ ಕಾಯುವಿಕೆಯನ್ನು ಮನೆಯಲ್ಲೇ ಕಳೆಯಬಹುದು ಎಂಬುದು ಅದರ ಉದ್ದೇಶ. ಮದುವೆ ವಿದೇಶದಲ್ಲಿ ನಡೆದಿದ್ದರೆ ಆ ದೇಶದ ಅಮೆರಿಕನ್ ದೂತಾವಾಸವೇ ಈ ವೀಸಾ ನೀಡಬೇಕೆಂಬ ನಿಯಮವೂ ಇದೆ.

ಕಾಲಕ್ರಮದಲ್ಲಿ ಎರಡೂ ಮನವಿಗಳು ಹೆಚ್ಚುಕಡಿಮೆ ಒಟ್ಟಿಗೇ ಇತ್ಯರ್ಥವಾಗತೊಡಗಿದವು. 2010ರ ಫೆಬ್ರವರಿಯಿಂದ ರಾಷ್ಟ್ರೀಯ ವೀಸಾ ಕೇಂದ್ರವು, ಐ-130 ಮಂಜೂರಾತಿಯು ಜೊತೆಯಲ್ಲೇ ಅಥವಾ ಮೊದಲೇ ತನ್ನ ಕೈಸೇರಿದ್ದರೆ ಕೆ-3 ಪ್ರಕರಣವನ್ನು ಆಡಳಿತಾತ್ಮಕವಾಗಿ ಮುಕ್ತಾಯಗೊಳಿಸುತ್ತಿದೆ. ಹೀಗಾಗಿ ಕಾನೂನು ಪುಸ್ತಕದಲ್ಲಿ ಜೀವಂತವಿದ್ದರೂ ವ್ಯವಹಾರದಲ್ಲಿ ಕೆ-3 ವೀಸಾ ಅತಿ ವಿರಳ. ಇದಕ್ಕಾಗಿ ಸಲ್ಲಿಸುವ ಐ-129ಎಫ್‌ಗೆ ಶುಲ್ಕವಿಲ್ಲದ ಕಾರಣ ಅದೃಷ್ಟ ನೋಡೋಣವೆಂದು ಸಲ್ಲಿಸುವವರು ಈಗಲೂ ಇದ್ದಾರೆ. ಅದರಿಂದ ಸಾಮಾನ್ಯವಾಗಿ ನಷ್ಟವಿಲ್ಲ. ಆದರೆ ಅದನ್ನು ನಂಬಿಕೊಂಡು ಪ್ರಯಾಣದ ಏರ್ಪಾಡು ಮಾಡಿಕೊಳ್ಳುವುದು ಜಾಣತನವಲ್ಲ.

ಆಯ್ಕೆ

ಮದುವೆಯಾಗಿಲ್ಲದವರ ಮುಂದಿರುವ ನಿಜವಾದ ಆಯ್ಕೆ ಕೆ-1 ಮತ್ತು ಸಿಆರ್-1ರ ನಡುವಿನದು. ಕೆ-1ರಲ್ಲಿ ಮೊದಲ ಪ್ರವೇಶ ಬೇಗ ಆಗುವ ಸಂದರ್ಭಗಳಿವೆ. ಆದರೆ ಬಂದು ಮದುವೆಯಾದ ಮೇಲೆ ಖಾಯಂ ವಾಸಕ್ಕಾಗಿ ಐ-485 ಎಂಬ ಮತ್ತೊಂದು ದೊಡ್ಡ ಅರ್ಜಿ ಸಲ್ಲಿಸಿ ಮತ್ತೆ ಕಾಯಬೇಕು. ಆ ಅವಧಿಯಲ್ಲಿ ಪ್ರತ್ಯೇಕ ಅನುಮತಿ ಪಡೆಯದೆ ಉದ್ಯೋಗ ಮಾಡುವಂತಿಲ್ಲ, ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟು ಹೊರಟರೆ ಅರ್ಜಿಯನ್ನು ಕೈಬಿಟ್ಟಂತೆ. ಊರಿನಲ್ಲಿ ವೃದ್ಧ ತಂದೆತಾಯಿಗಳಿರುವವರಿಗೆ ಇದು ಸಣ್ಣ ವಿಷಯವಲ್ಲ. ವೆಚ್ಚದಲ್ಲೂ ವ್ಯತ್ಯಾಸವಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರಗಳಂತೆ ಕೆ-1 ಮಾರ್ಗದಲ್ಲಿ ಮನವಿಗೆ 675, ವೀಸಾ ಅರ್ಜಿಗೆ 265, ಐ-485ಕ್ಕೆ 1,440, ಒಟ್ಟು 2,380 ಡಾಲರುಗಳು. ಸಿಆರ್-1 ಮಾರ್ಗದಲ್ಲಿ ಮನವಿಗೆ 675 (ಆನ್‌ಲೈನ್‌ನಲ್ಲಿ ಸಲ್ಲಿಸಿದರೆ 625), ವೀಸಾ ಅರ್ಜಿಗೆ 325, ಪೋಷಣೆಯ ಪ್ರಮಾಣಪತ್ರದ ಪರಿಶೀಲನೆಗೆ 120, ವಲಸೆ ಶುಲ್ಕ 235, ಒಟ್ಟು 1,355 ಡಾಲರುಗಳು. ವೈದ್ಯಕೀಯ ತಪಾಸಣೆ, ಅನುವಾದ, ಪ್ರಯಾಣಗಳ ಖರ್ಚು ಇವುಗಳಲ್ಲಿ ಸೇರಿಲ್ಲ. ಶುಲ್ಕಗಳು ಬದಲಾಗುತ್ತಿರುತ್ತವೆಯಾದ್ದರಿಂದ ಸಲ್ಲಿಸುವ ದಿನ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸುವುದು ಅಗತ್ಯ. ತಪ್ಪು ಮೊತ್ತದೊಡನೆ ಹೋದ ಮನವಿ ಹಿಂತಿರುಗಿ ಬರುತ್ತದೆ.

ಕೆ-1ನ್ನೇ ಆರಿಸಿಕೊಳ್ಳಬೇಕಾದ ಸಂದರ್ಭ ಒಂದಿದೆ. ಹಿಂದಿನ ಮದುವೆಯಿಂದ 18 ತುಂಬಿ 21 ತುಂಬದ ಮಗನೋ ಮಗಳೋ ಇದ್ದರೆ, ಸಿಆರ್ ಮಾರ್ಗದಲ್ಲಿ ಆ ಮಗುವನ್ನು ಕರೆತರಲಾಗದು. ಏಕೆಂದರೆ ಮಗುವಿಗೆ 18 ತುಂಬುವ ಮೊದಲೇ ಮದುವೆ ನಡೆದಿದ್ದರೆ ಮಾತ್ರ ಮಲಮಗುವಿನ ಸಂಬಂಧವನ್ನು ವಲಸೆ ಕಾನೂನು ಒಪ್ಪುತ್ತದೆ. ಕೆ-1 ಪಡೆದವರ 21 ತುಂಬದ, ಮದುವೆಯಾಗದ ಮಕ್ಕಳು ಕೆ-2 ವೀಸಾದಲ್ಲಿ ಬರಬಹುದು. ಪೌರರ ಸಂಗಾತಿಯಾಗಿ ಬರುವವರ ಮಕ್ಕಳಿಗೆ ಪ್ರತ್ಯೇಕ ಐ-130 ಸಲ್ಲಿಸಬೇಕೆಂಬುದನ್ನೂ, ತಾಯಿ ಅಥವಾ ತಂದೆಯ ಮನವಿಯಲ್ಲೇ ಅವರು ತಾವಾಗಿ ಸೇರುವುದಿಲ್ಲವೆಂಬುದನ್ನೂ ಹಲವರು ತಡವಾಗಿ ತಿಳಿಯುತ್ತಾರೆ.

ವಿದ್ಯಾರ್ಥಿಯಾಗಿಯೋ ಎಚ್-1ಬಿ ಉದ್ಯೋಗಿಯಾಗಿಯೋ ಈಗಾಗಲೇ ಅಮೆರಿಕದಲ್ಲಿರುವ ವ್ಯಕ್ತಿಯು ಪೌರರನ್ನು ಮದುವೆಯಾದರೆ ವೀಸಾದ ಅಗತ್ಯವೇ ಬೀಳದು. ಐ-130 ಮತ್ತು ಐ-485 ಎರಡನ್ನೂ ಒಟ್ಟಿಗೆ ಸಲ್ಲಿಸಬಹುದು. ಇದನ್ನು ನೋಡಿ, ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿಯೇ ಉಳಿದುಬಿಡೋಣವೆಂದು ಲೆಕ್ಕ ಹಾಕುವವರಿದ್ದಾರೆ. ಶಾಶ್ವತವಾಗಿ ನೆಲೆಸುವ ಉದ್ದೇಶವನ್ನು ಮುಚ್ಚಿಟ್ಟು ಪ್ರವಾಸಿಯೆಂದು ಹೇಳಿಕೊಂಡರೆ ಅದು ಸುಳ್ಳು ಹೇಳಿಕೆ. ಅದು ಸಾಬೀತಾದಲ್ಲಿ ಆಜೀವ ನಿರ್ಬಂಧವೇ ಒದಗಬಹುದು. ಸರಳವಾದ ದಾರಿ ಇರುವಾಗ ಇಂಥ ಅಪಾಯಕ್ಕೆ ಕೈಹಾಕುವುದು ವಿವೇಕವೆನಿಸದು.

ಅರ್ಜಿಯ ಹಂತಗಳು

ಮನವಿಯು ಮೊದಲು ಪೌರತ್ವ ಮತ್ತು ವಲಸೆ ಸೇವೆಗಳ ಸಂಸ್ಥೆಗೆ (ಯುಎಸ್‌ಸಿಐಎಸ್) ಹೋಗುತ್ತದೆ. ಮದುವೆ ನಿಜವಾದದ್ದೇ, ಇಬ್ಬರೂ ಹಿಂದಿನ ಮದುವೆಗಳಿಂದ ಕಾನೂನುಬದ್ಧವಾಗಿ ಮುಕ್ತರೇ ಎಂಬುದನ್ನು ಈ ಹಂತದಲ್ಲಿ ನೋಡಲಾಗುತ್ತದೆ. ವಿವಾಹ ನೋಂದಣಿ ಪತ್ರ, ಲಗ್ನಪತ್ರಿಕೆ, ಬಂಧುಗಳೊಡನೆ ತೆಗೆದ ಛಾಯಾಚಿತ್ರಗಳು, ಪರಸ್ಪರ ಭೇಟಿಯ ಪ್ರಯಾಣದ ಚೀಟಿಗಳು, ಹಣ ಕಳುಹಿಸಿದ ದಾಖಲೆಗಳು ಇಲ್ಲಿ ಸಾಕ್ಷ್ಯವಾಗುತ್ತವೆ. ನೂರಾರು ಪುಟಗಳ ಸಂದೇಶಗಳ ಪ್ರತಿಗಿಂತ ಬೇರೆಬೇರೆ ಕಾಲದ, ಬೇರೆಬೇರೆ ಬಗೆಯ ಹತ್ತಿಪ್ಪತ್ತು ಪುರಾವೆಗಳಿಗೆ ತೂಕ ಹೆಚ್ಚು.

ಮಂಜೂರಾದ ಐ-130 ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್‌ನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರವನ್ನು ತಲುಪುತ್ತದೆ. ಅಲ್ಲಿ ಶುಲ್ಕ ಪಾವತಿ, ಡಿಎಸ್-260 ವೀಸಾ ಅರ್ಜಿ, ಪೊಲೀಸ್ ನಿರಾಕ್ಷೇಪಣಾ ಪತ್ರ, ಜನನ ಪ್ರಮಾಣಪತ್ರ ಹಾಗೂ ಐ-864 ಎಂಬ ಪೋಷಣೆಯ ಪ್ರಮಾಣಪತ್ರಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಐ-864ರಲ್ಲಿ ಮನವಿದಾರರು ತಮ್ಮ ಕುಟುಂಬದ ಗಾತ್ರಕ್ಕೆ ನಿಗದಿಯಾದ ಬಡತನ ಮಟ್ಟದ ಶೇಕಡ 125ರಷ್ಟು ಆದಾಯವನ್ನು ತೋರಿಸಬೇಕು. ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿರುವವರಿಗೆ ಶೇಕಡ 100 ಸಾಕು. ಆದಾಯ ಸಾಲದಿದ್ದರೆ ಮತ್ತೊಬ್ಬರು ಜಂಟಿ ಜಾಮೀನುದಾರರಾಗಬಹುದು. ಆದರೆ ಸಹಿ ಹಾಕುವವರು ತಿಳಿದಿರಬೇಕಾದದ್ದೇನೆಂದರೆ ಈ ಹೊಣೆ ವಿಚ್ಛೇದನದಿಂದ ಕೊನೆಗೊಳ್ಳುವುದಿಲ್ಲ. ಸಂಬಂಧದ ದಾಕ್ಷಿಣ್ಯಕ್ಕೆ ಒಪ್ಪಿಬಿಡುವ ಸಹಿ ಇದಲ್ಲ.

ಮನವಿದಾರರಿಗೆ ಅಮೆರಿಕದಲ್ಲಿ ವಾಸಸ್ಥಾನವಿರಬೇಕೆಂಬ ನಿಯಮವೂ ಐ-864ಕ್ಕೆ ಅಂಟಿಕೊಂಡಿದೆ. ಅಮೆರಿಕದ ಪೌರತ್ವ ಪಡೆದು ಬೆಂಗಳೂರಿಗೆ ಮರಳಿ ಉದ್ಯೋಗದಲ್ಲಿರುವವರು ಸಂಗಾತಿಯೊಡನೆ ಹಿಂದಿರುಗಲಿಚ್ಛಿಸಿದಾಗ, ಅಲ್ಲಿ ಮನೆ, ಉದ್ಯೋಗ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಮುಂತಾದ ಏರ್ಪಾಡುಗಳಿಂದ ಮತ್ತೆ ನೆಲೆಸುವ ಉದ್ದೇಶವನ್ನು ತೋರಿಸಬೇಕಾಗುತ್ತದೆ.

ದಾಖಲೆಗಳೆಲ್ಲ ಸಮರ್ಪಕವೆಂದು ಕೇಂದ್ರವು ಒಪ್ಪಿದ ಮೇಲಷ್ಟೇ ಸಂದರ್ಶನದ ಸಾಲಿನಲ್ಲಿ ಹೆಸರು ಸೇರುತ್ತದೆ. ಭಾರತದಲ್ಲಿರುವವರ ವಲಸೆ ವೀಸಾ ಸಂದರ್ಶನಗಳು ಮುಖ್ಯವಾಗಿ ಮುಂಬಯಿಯ ದೂತಾವಾಸದಲ್ಲಿ ನಡೆಯುತ್ತವೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ. ಸಂದರ್ಶನಕ್ಕೆ ಮುಂಚೆ ದೂತಾವಾಸವು ಗುರುತಿಸಿದ ವೈದ್ಯರಿಂದಲೇ ತಪಾಸಣೆಯಾಗಬೇಕು. ಸಾಮಾನ್ಯವಾಗಿ ವೀಸಾದ ಅವಧಿ ಆ ತಪಾಸಣೆಯ ದಿನದಿಂದ ಆರು ತಿಂಗಳು ಮಾತ್ರ. ಆದುದರಿಂದ ತಪಾಸಣೆಯನ್ನು ಬಹಳ ಮೊದಲೇ ಮಾಡಿಸಿಕೊಂಡವರಿಗೆ ಪ್ರಯಾಣಕ್ಕೆ ದಿನಗಳು ಕಡಿಮೆ ಉಳಿಯುತ್ತವೆ.

ತ್ವರಿತಗೊಳಿಸುವ ಮಾರ್ಗಗಳು

ಕೆಲವು ಉದ್ಯೋಗ ವೀಸಾಗಳಲ್ಲಿ ಹೆಚ್ಚುವರಿ ಶುಲ್ಕ ತೆತ್ತು ಬೇಗ ತೀರ್ಮಾನ ಪಡೆಯುವ ‘ಪ್ರೀಮಿಯಂ’ ಸೌಲಭ್ಯವಿದೆ. ಐ-130ಕ್ಕೂ ಐ-129ಎಫ್‌ಗೂ ಅದು ಇಲ್ಲ. ಆದ್ದರಿಂದ ಹಣ ಪಡೆದು ಸಂಗಾತಿ ವೀಸಾವನ್ನು ಬೇಗ ಮಾಡಿಸಿಕೊಡುವೆವೆಂದು ಹೇಳುವ ಮಧ್ಯವರ್ತಿಗಳ ಮಾತಿಗೆ ಆಧಾರವಿಲ್ಲ.

ಯುಎಸ್‌ಸಿಐಎಸ್‌ಗೆ ತ್ವರಿತ ವಿಲೇವಾರಿಯ ಕೋರಿಕೆ ಸಲ್ಲಿಸಲು ಅವಕಾಶವಿದೆ. ತೀವ್ರ ಆರ್ಥಿಕ ನಷ್ಟ, ತುರ್ತು ಅಥವಾ ಮಾನವೀಯ ಸಂದರ್ಭ, ಸರ್ಕಾರದ ಹಿತಾಸಕ್ತಿ, ಸಂಸ್ಥೆಯದೇ ಸ್ಪಷ್ಟ ತಪ್ಪು ಮುಂತಾದವು ಅಂಗೀಕೃತ ಕಾರಣಗಳು. ಅಗಲಿಕೆಯ ದುಃಖವೊಂದೇ ಕಾರಣವಾಗಿ ಸಾಲದು. ಮನವಿದಾರರೆಲ್ಲರೂ ಅಗಲಿರುವವರೇ ಎಂಬುದು ಸಂಸ್ಥೆಯ ನಿಲುವು. ಗಂಭೀರ ಕಾಯಿಲೆ, ಅಪಾಯದ ಗರ್ಭಾವಸ್ಥೆ, ಸಂಗಾತಿಯ ಪ್ರಾಣಕ್ಕೆ ಬೆದರಿಕೆ, ಸೈನಿಕರ ನಿಯೋಜನೆ ಇಂಥವುಗಳಿಗೆ ವೈದ್ಯರ ಅಥವಾ ಅಧಿಕಾರಿಗಳ ದಿನಾಂಕಸಹಿತ ಪತ್ರವಿದ್ದರೆ ಕೋರಿಕೆಗೆ ಬಲ ಬರುತ್ತದೆ. ಒಪ್ಪುವುದು ಬಿಡುವುದು ಸಂಸ್ಥೆಯ ವಿವೇಚನೆ. ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಒಂದು ಹಂತದಲ್ಲಿ ದೊರೆತ ತ್ವರೆ ಮುಂದಿನ ಹಂತಕ್ಕೆ ತಾನಾಗಿ ಅನ್ವಯಿಸುವುದಿಲ್ಲವೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ವೀಸಾ ಕೇಂದ್ರದಲ್ಲೂ ದೂತಾವಾಸದಲ್ಲೂ ಮತ್ತೆ ಬೇರೆಯಾಗಿ ಕೇಳಬೇಕು.

ಅಮೆರಿಕದಲ್ಲಿರುವ ಮನವಿದಾರರು ತಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಅಥವಾ ಸೆನೆಟರ ಕಚೇರಿಗೆ ಒಪ್ಪಿಗೆ ಪತ್ರ ಕೊಟ್ಟು ವಿಚಾರಣೆ ಮಾಡಿಸಬಹುದು. ಇದಕ್ಕೆ ಖರ್ಚಿಲ್ಲ. ಅದರಿಂದ ಸರದಿ ಮುಂದಕ್ಕೆ ಜಿಗಿಯುವುದಿಲ್ಲ, ಆದರೆ ಎಲ್ಲೋ ಸಿಕ್ಕಿಬಿದ್ದ ಕಡತ ಪತ್ತೆಯಾಗುವುದುಂಟು. ಪ್ರಕಟಿತ ಸಾಮಾನ್ಯ ಅವಧಿಯನ್ನು ಮೀರಿದ ಪ್ರಕರಣಗಳ ಬಗ್ಗೆ ಸಂಸ್ಥೆಗೇ ವಿಚಾರಣೆ ಸಲ್ಲಿಸಬಹುದು. ಕೊನೆಯ ಅಸ್ತ್ರ ಫೆಡರಲ್ ನ್ಯಾಯಾಲಯದಲ್ಲಿ ಹೂಡುವ ಮ್ಯಾಂಡಮಸ್ ದಾವೆ. ಅದು ವೀಸಾ ಕೊಡಿರೆಂದು ಆದೇಶಿಸುವುದಿಲ್ಲ. ಹೌದೋ ಅಲ್ಲವೋ ಎಂಬ ತೀರ್ಮಾನ ಕೊಡಿರೆಂದಷ್ಟೇ ಕೇಳುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಸಮಯ ಉಳಿಸುವುದು ಮೊದಲ ಸಲವೇ ಪೂರ್ಣವಾದ ಕಡತವನ್ನು ಸಲ್ಲಿಸುವುದು. ಹಿಂದಿನ ವಿಚ್ಛೇದನದ ಆದೇಶ ಕಾಣದಿದ್ದರೆ, ಇಂಗ್ಲಿಷಿನಲ್ಲಿಲ್ಲದ ದಾಖಲೆಗೆ ದೃಢೀಕೃತ ಅನುವಾದವಿಲ್ಲದಿದ್ದರೆ, ಸಹಿ ಬಿಟ್ಟುಹೋಗಿದ್ದರೆ ಹೆಚ್ಚುವರಿ ಪುರಾವೆ ಕೇಳುವ ಪತ್ರ ಬಂದು ತಿಂಗಳುಗಳೇ ಕಳೆಯುತ್ತವೆ. ಇನ್ನೊಂದು ಎಚ್ಚರವೂ ಇದೆ. ವೀಸಾ ಕೇಂದ್ರದ ಸೂಚನೆ ಬಂದ ನಂತರ ಒಂದು ವರ್ಷದವರೆಗೆ ಅರ್ಜಿದಾರರಿಂದ ಯಾವ ಸಂಪರ್ಕವೂ ಇಲ್ಲದಿದ್ದರೆ ನೋಂದಣಿ ರದ್ದಾಗುವ ಅಪಾಯವಿದೆ.

ಕರ್ನಾಟಕದ ಅರ್ಜಿದಾರರು ಎದುರಿಸುವ ವಿಷಯಗಳು

ಮದುವೆಯ ಶಾಸ್ತ್ರ ಮುಂದೆ ನಡೆಯಲಿ, ವೀಸಾಕ್ಕಾಗಿ ಈಗಲೇ ನೋಂದಣಿ ಮಾಡಿಸಿಬಿಡೋಣ ಎಂಬ ರೂಢಿ ಭಾರತದ ಅನೇಕ ಕಡೆ ಬೆಳೆದಿದೆ. 2024ರ ಏಪ್ರಿಲ್ 19ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠವು ಇದರ ಬುಡವನ್ನೇ ಅಲುಗಿಸಿತು. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮಿನಂತೆ ರೂಢಿಗತ ವಿಧಿಗಳು ನೆರವೇರದಿದ್ದರೆ, ನೋಂದಣಿ ಪತ್ರವೊಂದರಿಂದಲೇ ಮದುವೆ ಆಗುವುದಿಲ್ಲವೆಂದು ಪೀಠ ಹೇಳಿತು. ವಿದೇಶದ ವೀಸಾ ಅರ್ಜಿಗಾಗಿ ಹೀಗೆ ಮಾಡುವ ಪದ್ಧತಿಯನ್ನು ಅದು ಹೆಸರಿಸಿಯೇ ಟೀಕಿಸಿತು. ಅಮೆರಿಕದ ವಲಸೆ ಕಾನೂನು, ಮದುವೆ ನಡೆದ ಸ್ಥಳದ ಕಾನೂನಿನಂತೆ ಅದು ಸಿಂಧುವೇ ಎಂದು ನೋಡುವುದರಿಂದ ಈ ತೀರ್ಪಿನ ಪರಿಣಾಮ ಐ-130ರವರೆಗೂ ಚಾಚಬಲ್ಲದು. ಶಾಸ್ತ್ರವಿಲ್ಲದೆಯೇ ಬೇಗ ಮದುವೆಯಾಗಬಯಸುವವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ಅದರಲ್ಲಿ ವಧೂವರರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಟ್ಟು, ಮತ್ತೆ 30 ದಿನಗಳ ನಂತರ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಮದುವೆ ನೆರವೇರುತ್ತದೆ. ಕೆಲವೇ ವಾರಗಳ ರಜೆಯಲ್ಲಿ ಬರುವ ವರನೋ ವಧುವೋ ಈ ದಿನಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಸೋದರಮಾವನನ್ನು ಅಥವಾ ಅತ್ತೆಯ ಮಗನನ್ನು ಮದುವೆಯಾಗುವ ಪದ್ಧತಿ ಕರ್ನಾಟಕದ ಹಲವು ಸಮುದಾಯಗಳಲ್ಲಿದೆ. ರೂಢಿಯಿದ್ದಲ್ಲಿ ಹಿಂದೂ ವಿವಾಹ ಕಾಯಿದೆಯೂ ಅದನ್ನು ಮಾನ್ಯ ಮಾಡುತ್ತದೆ. ಆದರೆ ಅಮೆರಿಕದಲ್ಲಿ ದಂಪತಿಗಳು ನೆಲೆಸಲಿರುವ ರಾಜ್ಯದ ನೀತಿಯನ್ನೂ ಪರಿಗಣಿಸಲಾಗುತ್ತದೆ. ಕ್ಯಾಲಿಫೋರ್ನಿಯ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ಅತ್ತೆ-ಮಾವಂದಿರ ಮಕ್ಕಳ ನಡುವಿನ ವಿವಾಹಕ್ಕೆ ಅಡ್ಡಿಯಿಲ್ಲ; ಟೆಕ್ಸಾಸ್ 2005ರಲ್ಲಿ ಅದನ್ನು ನಿಷೇಧಿಸಿತು. ಸೋದರಮಾವ ಮತ್ತು ಸೊಸೆಯ ವಿವಾಹಕ್ಕೆ ಬಹುತೇಕ ಎಲ್ಲ ರಾಜ್ಯಗಳಲ್ಲೂ ತಡೆಯಿದೆ. 2014ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯವು ವಿಯೆಟ್ನಾಮ್ ಮೂಲದ ಮಹಿಳೆಯೊಬ್ಬರ ವಲಸೆ ಪ್ರಕರಣದಲ್ಲಿ, ಮಲಸೋದರ ಸಂಬಂಧದ ಮಾವನೊಡನೆ ಆದ ಮದುವೆ ಅಲ್ಲಿನ ಕಾನೂನಿನಡಿ ಶೂನ್ಯವಲ್ಲವೆಂದು ಹೇಳಿದೆ. ಇಂಥ ಸಂಬಂಧವಿರುವ ದಂಪತಿಗಳು ಮನವಿಗೆ ಮುಂಚೆಯೇ ವಕೀಲರ ಸಲಹೆ ಪಡೆಯುವುದು ಉಚಿತ. ಸಂಬಂಧವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ; ಎರಡೂ ಮನೆಯವರ ಹೆಸರುಗಳು ದಾಖಲೆಗಳಲ್ಲಿ ಕಾಣುತ್ತವೆ.

ಹೆಸರಿನ ತೊಡಕು ಕನ್ನಡಿಗರಿಗೆ ಹೊಸದಲ್ಲ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬರೆಯುವ ರೂಢಿಯಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಒಬ್ಬರ ಹೆಸರೇ ಮೂರು ಬಗೆಯಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಮುದ್ರಣವಾಗುತ್ತದೆ. ಅದು ಮುಂದೆ ಗ್ರೀನ್ ಕಾರ್ಡ್, ಚಾಲನಾ ಪರವಾನಗಿಗಳಿಗೂ ಹಬ್ಬಬಹುದು. ಐ-130 ಸಲ್ಲಿಸುವ ಮೊದಲೇ ಪಾಸ್‌ಪೋರ್ಟನ್ನು ಸರಿಪಡಿಸಿಕೊಂಡರೆ ಈ ತೊಂದರೆ ಇರದು. ಜನನ ಪ್ರಮಾಣಪತ್ರ ಇಲ್ಲದವರು ನಗರಸಭೆ ಅಥವಾ ಪಂಚಾಯಿತಿಯಿಂದ ಅಲಭ್ಯತಾ ಪತ್ರ ಪಡೆದು, ಶಾಲಾ ದಾಖಲೆಯೇ ಮೊದಲಾದ ಪರ್ಯಾಯ ಪುರಾವೆಗಳನ್ನು ಒದಗಿಸುತ್ತಾರೆ.

ನಿರಾಕರಣೆ ಮತ್ತು ನ್ಯಾಯಾಲಯಗಳು

ಸಂದರ್ಶನದ ದಿನ ಬಹಳ ಮಂದಿಗೆ ಸಿಗುವುದು 221(ಜಿ) ಕಲಮಿನ ಚೀಟಿ. ಇದು ತಾಂತ್ರಿಕವಾಗಿ ನಿರಾಕರಣೆಯಾದರೂ, ಕೇಳಿದ ದಾಖಲೆ ಒದಗಿಸಿದರೆ ಅಥವಾ ಆಡಳಿತಾತ್ಮಕ ಪರಿಶೀಲನೆ ಮುಗಿದರೆ ವೀಸಾ ದೊರೆಯಬಹುದು. ಮದುವೆಯೇ ವಂಚನೆಯದೆಂದು ತೀರ್ಮಾನವಾದರೆ ಮಾತ್ರ ಮುಂದೆ ಬೇರೆ ಯಾರ ಸಂಬಂಧಿಯಾಗಿಯೂ ಆ ವ್ಯಕ್ತಿಯ ಪರವಾದ ಮನವಿ ಮಂಜೂರಾಗುವುದಿಲ್ಲ.

ದೂತಾವಾಸದ ಅಧಿಕಾರಿಯ ನಿರ್ಧಾರವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಮರುಪರಿಶೀಲಿಸುವುದಿಲ್ಲ. ಅಫ್ಘಾನಿಸ್ತಾನದ ಪತಿಗೆ ವೀಸಾ ದೊರೆಯದ ಫೌಜಿಯಾ ದಿನ್ ಅವರ ಮೊಕದ್ದಮೆಯಲ್ಲಿ 2015ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ವಿರುದ್ಧ ತೀರ್ಪಿತ್ತರೂ ಹಕ್ಕಿನ ಪ್ರಶ್ನೆಗೆ ಬಹುಮತದ ಉತ್ತರ ಸಿಕ್ಕಿರಲಿಲ್ಲ. 2024ರ ಜೂನ್ 21ರಂದು ಸ್ಯಾಂಡ್ರಾ ಮುನ್ಯೋಸ್ ಪ್ರಕರಣದಲ್ಲಿ ಅದು ಸಿಕ್ಕಿತು. ಎಲ್ ಸಾಲ್ವಡಾರಿನ ಅವರ ಪತಿಗೆ, ಅಪರಾಧಿ ಗುಂಪಿನ ನಂಟಿದೆಯೆಂಬ ಶಂಕೆಯ ಮೇಲೆ ವೀಸಾ ನಿರಾಕರಿಸಲಾಗಿತ್ತು. ಅವರು ಅದನ್ನು ಅಲ್ಲಗಳೆದಿದ್ದರು. ವಿದೇಶೀ ಸಂಗಾತಿಯನ್ನು ದೇಶದೊಳಕ್ಕೆ ಕರೆತರುವುದು ಪೌರರ ಮೂಲಭೂತ ಸ್ವಾತಂತ್ರ್ಯದ ಭಾಗವಲ್ಲವೆಂದು ಬಹುಮತದಿಂದ ನ್ಯಾಯಾಲಯ ಹೇಳಿತು. ಬಹುಮತದ ಅಭಿಪ್ರಾಯವನ್ನು ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಬರೆದರು, ಭಿನ್ನಮತವನ್ನು ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ಬರೆದರು. ಮದುವೆಯಾಗುವ ಹಕ್ಕಿದೆ, ಒಟ್ಟಿಗೆ ತನ್ನ ದೇಶದಲ್ಲೇ ಬಾಳುವ ಹಕ್ಕಿಲ್ಲ ಎಂಬ ಈ ನಿಲುವು ಇಂದಿಗೂ ಚರ್ಚೆಯಲ್ಲಿದೆ.

ಷರತ್ತುಬದ್ಧ ವಾಸ

1986ರ ವಿವಾಹ ವಂಚನೆ ತಿದ್ದುಪಡಿಗಳಿಂದ ಬಂದ ಷರತ್ತುಬದ್ಧ ವಾಸವು ಸಿಆರ್-1ರಲ್ಲಿ ಬಂದವರಿಗೂ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಗ್ರೀನ್ ಕಾರ್ಡ್ ಪಡೆದ ಕೆ-1ರವರಿಗೂ ಅನ್ವಯಿಸುತ್ತದೆ. ಕಾರ್ಡಿನ ಎರಡು ವರ್ಷ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಐ-751 ಸಲ್ಲಿಸಿ ಷರತ್ತನ್ನು ತೆಗೆಸಬೇಕು.

ಈ ಜಂಟಿ ಸಹಿಯ ನಿಯಮವನ್ನು ಹಿಂಸೆಯ ಅಸ್ತ್ರವಾಗಿ ಬಳಸಿ, ತಾನು ಸಹಿ ಹಾಕದಿದ್ದರೆ ಊರಿಗೆ ಅಟ್ಟುತ್ತಾರೆಂದು ಸಂಗಾತಿಯನ್ನು ಬೆದರಿಸುವವರುಂಟು. ಅದು ನಿಜವಲ್ಲ. ಮದುವೆ ಪ್ರಾಮಾಣಿಕವಾಗಿ ಆಗಿದ್ದು ನಂತರ ವಿಚ್ಛೇದನವಾಗಿದ್ದರೆ, ಅಥವಾ ದೌರ್ಜನ್ಯಕ್ಕೆ ಒಳಗಾಗಿದ್ದರೆ, ಒಬ್ಬರೇ ವಿನಾಯಿತಿ ಕೋರಿ ಐ-751 ಸಲ್ಲಿಸಬಹುದು. ಅದಕ್ಕೆ 90 ದಿನಗಳ ಕಾಲಮಿತಿಯೂ ಇಲ್ಲ. 1994ರ ಮಹಿಳಾ ದೌರ್ಜನ್ಯ ತಡೆ ಕಾಯಿದೆಯು, ಹಿಂಸೆಗೊಳಗಾದ ಸಂಗಾತಿಗಳು, ಪುರುಷರೂ ಸೇರಿದಂತೆ, ಪತಿ ಅಥವಾ ಪತ್ನಿಗೆ ತಿಳಿಯದಂತೆ ತಾವೇ ಮನವಿ ಸಲ್ಲಿಸಲು ಅವಕಾಶ ಕೊಟ್ಟಿದೆ. ಮನವಿ ಸಲ್ಲಿಸದೆಯೇ ಪೌರ ಸಂಗಾತಿ ತೀರಿಕೊಂಡರೆ ಎರಡು ವರ್ಷಗಳೊಳಗೆ ವಿಧವೆ ಅಥವಾ ವಿಧುರರು ಐ-360 ನಮೂನೆಯಲ್ಲಿ ಸ್ವತಃ ಮನವಿ ಮಾಡಿಕೊಳ್ಳಬಹುದು. ಐ-130 ಮೊದಲೇ ಸಲ್ಲಿಕೆಯಾಗಿದ್ದರೆ ಅದೇ ಐ-360 ಆಗಿ ಪರಿವರ್ತನೆಯಾಗುತ್ತದೆ.

ಪೌರರೊಡನೆ ದಾಂಪತ್ಯದಲ್ಲಿ ಮುಂದುವರಿದಿರುವ ಖಾಯಂ ನಿವಾಸಿಗಳು ಸಾಮಾನ್ಯ ಐದು ವರ್ಷಗಳ ಬದಲು ಮೂರು ವರ್ಷಗಳ ವಾಸದ ನಂತರ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ಭಾರತ ಸಂವಿಧಾನವು ದ್ವಿಪೌರತ್ವವನ್ನು ಒಪ್ಪದ ಕಾರಣ ಅಮೆರಿಕದ ಪೌರತ್ವ ಪಡೆದವರು ಭಾರತದ ಪಾಸ್‌ಪೋರ್ಟನ್ನು ಹಿಂದಿರುಗಿಸಬೇಕಾಗುತ್ತದೆ. ಅಂಥವರು ಸಾಗರೋತ್ತರ ಭಾರತೀಯ ಪೌರರ (ಒಸಿಐ) ಕಾರ್ಡಿಗೆ ಅರ್ಜಿ ಹಾಕಿಕೊಳ್ಳುತ್ತಾರೆ.